ಅಪ್ಪ ನಿಲ್ಲುತ್ತಿದ್ದ ಜಾಗ

ಕಾರ್ಪೊರೇಷನ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರೆಲ್ಲ ಹಡ್ಸನ್ ಸರ್ಕಲ್‌ನ ಹಳೇ ಚರ್ಚನ್ನು ನೋಡಿಯೇ ಇರ್ತೀರಿ. ಮಿಷನರಿ ಜೋಸಾಯ ಹಡ್ಸನ್ ನೆನಪಿಗೆ 1904ರಲ್ಲಿ ಕಟ್ಟಿದ್ದು. ಒಳಗೆ ಆರಾಧನೆ ಕನ್ನಡದಲ್ಲೇ.

ಕಬ್ಬನ್ ಪಾರ್ಕಿನ ಗುಲಾಬಿ ಹೂಗಳು ಎಲ್ಲರ ಸ್ಟೇಟಸ್‌ಗೆ ಬರುವ ಹೊತ್ತಿಗೆ ನಮ್ಮ ಕ್ವಾಯರ್ ಪ್ರಾಕ್ಟೀಸ್ ಜೋರಾಗಿರುತ್ತೆ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಈಸ್ಟರ್. ನಮ್ಮ ಆಫೀಸಿನ ರಿಲೀಸ್ ಡೇಟಿಗೂ ಅದಕ್ಕೂ ಒಂದು ವರ್ಷವೂ ಹೊಂದಿಕೆಯಾಗಿಲ್ಲ.

ಅಪ್ಪ ಬೇಸ್ ಹಾಡುತ್ತಿದ್ದವರು. ರಾಗವೆಲ್ಲ ಸೊಪ್ರಾನೊದವರ ಪಾಲು; ಬೇಸ್‌ನವರದು ಕೆಳಗಿನ ನಾಲ್ಕೈದು ಸ್ವರ. ಇಲ್ಲದಿದ್ದಾಗಲೇ ಅದರ ಬೆಲೆ ಗೊತ್ತಾಗೋದು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅಪ್ಪನ ಹಾಡು ನಿಂತುಹೋಯಿತು. ಕ್ವಾಯರ್ ಆಂಟಿ ನನ್ನನ್ನು ಕರೆದಾಗ ಎರಡು ಸಲ ಕೆಲಸದ ನೆಪ ಹೇಳಿದೆ. ನಿಜ ಏನಂದ್ರೆ, ಆ ಜಾಗದಲ್ಲಿ ನಿಲ್ಲೋಕೆ ಭಯ. ಮೂರನೇ ಸಲ ಅಪ್ಪನೇ ತನ್ನ ಹಾಡಿನ ಪುಸ್ತಕ ತಂದು ಲ್ಯಾಪ್‌ಟಾಪ್ ಮೇಲಿಟ್ಟರು. ಎಲ್ಲಿ ಉಸಿರು ತಗೋಬೇಕು ಅಂತ ಪೆನ್ಸಿಲ್ ಗುರುತುಗಳಿದ್ದವು.

ಶುಭ ಶುಕ್ರವಾರ 12ರಿಂದ 3ರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಸೆಖೆ, ಫ್ಯಾನಿನ ಸದ್ದು, ಹೊರಗೆ ಬಸ್ಸಿನ ಹಾರ್ನ್, ನಡುನಡುವೆ ನಮ್ಮ ಹಾಡು. ಅಪ್ಪ ಮುಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಮಾತ್ರ ಆಡುತ್ತಿತ್ತು. ನಾನು ಆ ಕಡೆ ನೋಡೋದನ್ನೇ ಬಿಟ್ಟೆ.

ಈಸ್ಟರ್ ದಿನ ನಸುಕಿನ ಆರಾಧನೆ ಮುಗಿದು ಅಂಗಳದಲ್ಲಿ ಎಲ್ಲರಿಗೂ ಕಾಫಿ. ಅಪ್ಪ ಹತ್ತಿರ ಬಂದು, ಇದ್ದಷ್ಟೇ ದನಿಯಲ್ಲಿ ಹೇಳಿದರು: "ಎರಡನೇ ಚರಣದಲ್ಲಿ ಶ್ರುತಿ ಇಳಿಸಿದೆ ಕಣೋ."