ಸೈಲೆನ್ಸರ್ ಪುರಾಣ

ಅಮೆರಿಕದವರು ಇದನ್ನ ಮಫ್ಲರ್ ಅಂತಾರೆ. ನಮ್ಮ ಕಡೆ ಮಫ್ಲರ್ ಅಂದ್ರೆ ಚಳಿಗಾಲದಲ್ಲಿ ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕೋಕೆ ಹೋಗೋ ತಾತಂದಿರು ಕಿವಿ ಮುಚ್ಚಿ ಸುತ್ತಿಕೊಳ್ಳೋ ಉಣ್ಣೆ ಬಟ್ಟೆ. ಗಾಡಿಯ ಹೊಟ್ಟೆ ಕೆಳಗೆ ನೇತಾಡೋ ತಗಡಿನ ಡಬ್ಬಕ್ಕೆ ನಮ್ಮಲ್ಲಿ ಇರೋದು ಒಂದೇ ಹೆಸರು, ಸೈಲೆನ್ಸರ್. ಬ್ರಿಟಿಷರು ಬಿಟ್ಟುಹೋದ ಪದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಅದೇ ಪದ ಇದೆ. ಅದರ 120ನೇ ನಿಯಮದ ಪ್ರಕಾರ ಟ್ರ್ಯಾಕ್ಟರೂ ಸೇರಿದಂತೆ ಪ್ರತಿಯೊಂದು ಗಾಡಿಗೂ ಸೈಲೆನ್ಸರ್ ಇರಲೇಬೇಕು. ಆ ನಿಯಮ ಬರೆದವರು ನಮ್ಮೂರ ಬುಲೆಟ್ ಹುಡುಗರನ್ನ ನೋಡಿರಲಿಲ್ಲ ಅಂತ ಕಾಣುತ್ತೆ :-)

ಬುಲೆಟ್ ಹುಡುಗರು ಬೇಕು ಅಂತಲೇ ಸದ್ದು ಮಾಡ್ತಾರೆ. ನಮ್ಮಪ್ಪನ ಪಿಕಪ್ಪಿಗೆ ಅದು ವಯಸ್ಸಾಗಿ ಬಂದ ಸದ್ದು.

ನಮ್ಮದು ಹೊಳೆನರಸೀಪುರ ತಾಲ್ಲೂಕು. ಅರಕಲಗೂಡು ಕಡೆ ಹೋಗೋ ರಸ್ತೆಯಿಂದ ಸ್ವಲ್ಪ ಒಳಕ್ಕೆ ಊರು. ಆಲೂಗಡ್ಡೆ ಕಾಲದಲ್ಲಿ ಹಾಸನದ ಎಪಿಎಂಸಿ, ತೆಂಗಿನಕಾಯಿ ಇದ್ರೆ ಚನ್ನರಾಯಪಟ್ಟಣ, ಯಾರದಾದ್ರೂ ಹೊಗೆಸೊಪ್ಪಿನ ಬೇಲು ಇದ್ರೆ ರಾಮನಾಥಪುರದ ಹರಾಜು, ಪುಷ್ಯದ ಚಳಿಯಲ್ಲಿ ಅವರೆಕಾಯಿ ಮೂಟೆ... ಅಪ್ಪನ ಪಿಕಪ್ ಓಡಾಡದ ರಸ್ತೆ ಈ ನಾಲ್ಕು ತಾಲ್ಲೂಕಿನಲ್ಲಿ ಕಡಿಮೆ. ನನ್ನ ಇಂಜಿನಿಯರಿಂಗ್ ಫೀಸಿನಲ್ಲಿ ಅರ್ಧ ಆ ಗಾಡಿಯೇ ಕಟ್ಟಿದ್ದು.

2023ರ ಡಿಸೆಂಬರಿನಲ್ಲಿ ಅವ್ವ ಫೋನ್ ಮಾಡಿ, "ನಿಮ್ಮಪ್ಪ ಗಾಡಿ ಮಾರ್ತೀನಿ ಅಂತವ್ರೆ ಕಣ್ಲಾ" ಅಂದ್ಲು. ಯಾಕೆ ಅಂದ್ರೆ ತಲೆನೋವು. ಬೆಳಗಿನ ಜಾವ ಲೋಡ್ ತಗೊಂಡು ಹೋಗಿ ಬಂದ ದಿನವೆಲ್ಲ ತಲೆ ಸಿಡಿಯುತ್ತೆ, ಹೊಟ್ಟೆ ತೊಳಸುತ್ತೆ. ಡಾಕ್ಟರ ಹತ್ತಿರ ಹೋಗಿ ಬಂದಿದ್ರು, ಬಿಪಿ ಸರಿ ಇದೆ, ಶುಗರ್ ಇಲ್ಲ, ಕನ್ನಡಕ ಕೂಡ ಬದಲಾಯಿಸಿ ಆಗಿತ್ತು. "ವಯಸ್ಸಾಯ್ತು, ಇನ್ನು ಡ್ರೈವಿಂಗ್ ಸಾಕು" ಅಂತ ಅಪ್ಪ ತಾವೇ ತೀರ್ಮಾನ ಮಾಡಿಬಿಟ್ಟಿದ್ರು. ಗಾಡಿ ಮಾರಿದ್ರೆ ಅಪ್ಪ ಸುಮ್ಮನೆ ಜಗುಲಿ ಮೇಲೆ ಕೂರೋ ಜಾತಿ ಅಲ್ಲ. ಆದ್ರೆ ಕೂರಬೇಕಾಗ್ತಿತ್ತು.

ನಾನು ಕೋಡ್ ಬರೆದು ಬದುಕೋನು. ಬಗ್ ಬಂದ್ರೆ ನಾವು ಮೊದಲು ಕೇಳೋದು ಎರಡೇ ಪ್ರಶ್ನೆ. ಯಾವಾಗ ಬರುತ್ತೆ? ಯಾವಾಗ ಬರಲ್ಲ? ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನನ್ನೂ ಅದನ್ನೇ ಕೇಳಿದೆ. ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ ಹೋಗಿ ಬಂದ ದಿನ ತಲೆನೋವಿಲ್ಲ. ಬೈಕಿನಲ್ಲಿ ಹಾಸನಕ್ಕೆ ಹೋದ್ರೆ ಇಲ್ಲ. ಪಿಕಪ್ಪಿನಲ್ಲಿ, ಬೆಳಗಿನ ಜಾವ, ಚಳಿಗೆ ಎರಡೂ ಗಾಜು ಏರಿಸಿಕೊಂಡು ಹೋದ ದಿನ ಮಾತ್ರ ಇದೆ. ಅಷ್ಟು ಹೊತ್ತಿಗೆ ನನ್ನ ಅನುಮಾನ ವಯಸ್ಸಿನಿಂದ ಗಾಡಿ ಕಡೆಗೆ ತಿರುಗಿತ್ತು.

ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಹೆಚ್ಚಾದ್ರೆ ಜೀವವೇ ಹೋಗುತ್ತೆ. ಪೆಟ್ರೋಲಿಗೆ ಹೋಲಿಸಿದ್ರೆ ಡೀಸೆಲ್ ಇಂಜಿನ್ನು ಉಗುಳೋದು ಕಡಿಮೆ ನಿಜ, ಆದ್ರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಗಂಟೆಗಟ್ಟಲೆ ಕೂರೋರಿಗೆ ಆ ಲೆಕ್ಕ ಸಮಾಧಾನ ಕೊಡಲ್ಲ. ಡೀಸೆಲ್ ಹೊಗೆಯ ಉಳಿದ ವಿಷಗಳೂ ಜೊತೆಗೆ ಬರುತ್ತವೆ.

ಪರೀಕ್ಷೆ ಸುಲಭ. ಬಯಲಲ್ಲಿ ಗಾಡಿ ನಿಲ್ಲಿಸಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಹಿಂದಿನ ಪೈಪಿನ ಬಾಯಿಗೆ ಒದ್ದೆ ಗೋಣಿಚೀಲವನ್ನ ಎರಡೇ ಎರಡು ಸೆಕೆಂಡ್ ಒತ್ತಿ ಹಿಡಿಯಬೇಕು. ಎಲ್ಲಿ ಸೋರುತ್ತೋ ಅಲ್ಲಿ ಬುಸ್ ಅನ್ನುತ್ತೆ. ನಮ್ಮದು ಎರಡು ಕಡೆ ಬುಸ್ ಅಂತು. ಸೈಲೆನ್ಸರಿನ ಮೂತಿಯ ಹೊಲಿಗೆ ಬಿಟ್ಟಿತ್ತು, ಅದರ ಮುಂದಿನ ಜಾಯಿಂಟಿನ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಸುತ್ತ ಕರೀ ಮಸಿ. ಮೇಲೆ ನೋಡಿದ್ರೆ ಗೇರ್ ಲಿವರಿನ ಬುಡದ ರಬ್ಬರ್ ಹರಿದು ಬಾಯಿ ಬಿಟ್ಕೊಂಡಿತ್ತು. ಹೊಗೆಗೆ ನೇರ ದಾರಿ!

ಆ ಸೈಲೆನ್ಸರಿಗೆ ಆಗಲೇ ಎರಡು ಸಲ ವೆಲ್ಡಿಂಗ್ ತೇಪೆ ಬಿದ್ದಿತ್ತು. ಹಬ್ಬಕ್ಕೆ ಗ್ಯಾರೇಜಿನವರೆಲ್ಲ ಊರಿಗೆ ಹೋಗಿದ್ರು. ನಾಡಿದ್ದು ಅವರೆಕಾಯಿ ಲೋಡ್. ಹಾಸನದಲ್ಲಿ ಬಾಗಿಲು ತೆಗೆದಿದ್ದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಸೈಲೆನ್ಸರ್, ಗ್ಯಾಸ್ಕೆಟ್, ನೇತುಹಾಕೋ ರಬ್ಬರುಗಳು, ಬೋಲ್ಟು ನಟ್ಟು, ಗೇರಿನ ರಬ್ಬರ್ ಎಲ್ಲ ತಂದೆ. "ನೀನು ಹಾಕ್ತೀಯಾ?" ಅಂತ ಅಪ್ಪ ನನ್ನ ಕೈ ನೋಡಿದ್ರು. ಕೀಬೋರ್ಡ್ ಕುಟ್ಟೋ ಕೈ.

ಜಾಗ ಹುಡುಕಿದ್ದು ಅಪ್ಪ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಮಲಗಬಾರದು, ಇದನ್ನ ಯಾರೂ ಮರೀಬಾರದು. ನಮ್ಮ ಮನೆ ಹಿಂದೆ ಹೇಮಾವತಿ ನೀರಿನ ಸಣ್ಣ ಹೊಲಗಾಲುವೆ ಇದೆ, ಆಗ ಒಣಗಿತ್ತು. ಎಡ ಚಕ್ರ ಆ ದಡ, ಬಲ ಚಕ್ರ ಈ ದಡ, ಗಟ್ಟಿ ನೆಲ ನೋಡಿ ನಿಲ್ಲಿಸಿದ್ರು. ಹ್ಯಾಂಡ್ ಬ್ರೇಕ್, ಫಸ್ಟ್ ಗೇರ್, ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು. ಕೆಳಗೆ ಕಾಲುವೆಯಲ್ಲಿ ನಾನು. ಸರ್ವೀಸ್ ಸ್ಟೇಷನ್ನಿನ ಗುಂಡಿ ಪುಕ್ಕಟೆ ಸಿಕ್ತು.

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಬಿಟ್ಟಿದ್ದೆ. ಆದ್ರೂ ಒಂದೂ ಅಲ್ಲಾಡಲಿಲ್ಲ. ಆಗ ಮೇಲಿಂದ ಅಪ್ಪ, "ಬಿಚ್ಚಬ್ಯಾಡ್ಲಾ, ಮೊದ್ಲು ಒಂಚೂರು ಬಿಗಿ ಮಾಡು" ಅಂದ್ರು. ವಿಚಿತ್ರ ಅನ್ನಿಸ್ತು. ಕಾಲೆಳೆ ಬಿಗಿ ಮಾಡಿದ ತಕ್ಷಣ ಟಿಕ್ ಅಂತ ತುಕ್ಕು ಒಡೀತು, ಆಮೇಲೆ ಬಿಚ್ಚಿಕೊಳ್ತು. ಒಂದು ಬೋಲ್ಟ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಅದನ್ನ ಆಕ್ಸಾ ಬ್ಲೇಡಿನಲ್ಲಿ ಕೊಯ್ದದ್ದಾಯ್ತು. ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತೆ, ಕನ್ನಡಕ ಇರಲೇಬೇಕು. ರಬ್ಬರುಗಳು ಕೊಕ್ಕೆ ಬಿಡಲು ಸೋಪಿನ ನೀರು ಸಾಕು.

ಹೊಸದು ಹಾಕುವಾಗ ಕ್ರಮ ಮುಖ್ಯ. ಮೊದಲು ರಬ್ಬರಿಗೆ ನೇತುಹಾಕಿ, ಎಲ್ಲಾ ನಟ್ಟನ್ನೂ ಬೆರಳಲ್ಲಿ ಮಾತ್ರ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿಗೂ ಬ್ರೇಕ್ ಪೈಪಿಗೂ ತಾಗದಂತೆ ನೇರ ಮಾಡಿ, ಆಮೇಲೆ ಇಂಜಿನ್ ಕಡೆಯಿಂದ ಹಿಂದಕ್ಕೆ ಬರುತ್ತಾ ಬಿಗಿ ಮಾಡಬೇಕು. ಕೆಲವು ದಿನ ಓಡಿಸಿದ ಮೇಲೆ ಇನ್ನೊಂದು ಸುತ್ತು. ನಮ್ಮದು ಹಳೇ ಗಾಡಿ, ಆದ್ದರಿಂದ ಇಷ್ಟರಲ್ಲಿ ಮುಗೀತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಹೊಗೆ ಪೈಪಿನಲ್ಲಿ ಫಿಲ್ಟರು, ಸೆನ್ಸರು ಎಲ್ಲ ಇರುತ್ತವೆ. ಅದಕ್ಕೆ ಕೈ ಹಾಕೋ ಮುಂಚೆ ಯೋಚನೆ ಮಾಡಿ.

ಹಳೇದನ್ನ ಗುಜರಿಗೆ ಹಾಕೋ ಮೊದಲು ಕುತೂಹಲಕ್ಕೆ ಕೊಯ್ದು ನೋಡಿದೆ. ಒಳಗೆ ಜರಡಿ ಥರ ತೂತು ತೂತು ಪೈಪು, ನಡುವೆ ತಗಡಿನ ಗೋಡೆ, ಕೋಣೆ ಕೋಣೆ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದ್ರೆ ಸೆಕೆಂಡಿಗೆ ಸುಮಾರು 66 ಸಲ ಹೊಗೆ ಢಂ ಅಂತ ಬಂದು ಅಪ್ಪಳಿಸುತ್ತೆ. ಮಳೆಗಾಲದಲ್ಲಿ ಮೈದುಂಬಿ ಬರೋ ಹೇಮಾವತಿ ಗೊರೂರು ಡ್ಯಾಮಿನ ಹಿನ್ನೀರಿಗೆ ಬಂದ ತಕ್ಷಣ ಹೇಗೆ ತೆಪ್ಪಗಾಗುತ್ತಾಳೋ, ಹಾಗೆ ಈ ಹೊಗೆಯೂ ಅಗಲವಾದ ಕೋಣೆಗೆ ಬಂದು ಹರಡಿ ಶಾಂತವಾಗುತ್ತೆ. ಗೋಡೆಗೆ ಬಡಿದು ವಾಪಸ್ ಬಂದ ಸದ್ದಿನ ಅಲೆ ಹೊಸ ಅಲೆಗೆ ಎದುರಾಗಿ ಎರಡೂ ಒಂದಿಷ್ಟು ಕುಗ್ಗುತ್ತವೆ. ಅಮೆರಿಕದ ಇಂಡಿಯಾನಾದ ರೀವ್ಸ್ ಸೋದರರು 1897ರಲ್ಲೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ರು.

ಇನ್ನೊಂದು ವಿಷಯ ಕೇಳಿ. ಒಂದು ಲೀಟರ್ ಡೀಸೆಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ, ಆವಿಯಾಗಿ. ದೂರ ಓಡಿಸಿದ್ರೆ ಪೈಪು ಕಾದು ಆವಿ ಹೊರಗೆ ಹೋಗುತ್ತೆ. ಡೈರಿ, ತೋಟ, ನ್ಯಾಯಬೆಲೆ ಅಂಗಡಿ ಅಂತ ಹತ್ತಿರ ಹತ್ತಿರ ಓಡಿಸಿದ್ರೆ ಅಲ್ಲೇ ತಣ್ಣಗಾಗಿ ನೀರಾಗಿ ನಿಂತು ಒಳಗಿಂದಲೇ ತಿನ್ನುತ್ತೆ. ಹೊರಗಿನ ಬಣ್ಣ ನೋಡಿ ಚೆನ್ನಾಗಿದೆ ಅನ್ನೋ ಹಾಗಿಲ್ಲ.

ಅವರೆಕಾಯಿ ಲೋಡಿಗೆ ಅಪ್ಪನ ಜೊತೆ ನಾನೂ ಹೋದೆ. ಇಂಜಿನ್ ಸದ್ದು ಅಡಗಿದ ಮೇಲೆ ಹಿಂದಿನ ಡೋರಿನ ಕಟಕಟ, ಸೀಟಿನ ಕಿರುಗುಟ್ಟುವಿಕೆ ಎಲ್ಲ ಕೇಳಿಸತೊಡಗಿ, "ಇದೇನ್ಲಾ ಇಷ್ಟೊಂದು ರಿಪೇರಿ ಅದೆ!" ಅಂತ ಅಪ್ಪ ಗಾಬರಿಯಾದ್ರು. ಸಂಜೆ ತಲೆನೋವು ಬರಲಿಲ್ಲ. ಮಾರನೇ ವಾರವೂ ಬರಲಿಲ್ಲ. ಗಾಡಿ ಮಾರೋ ಮಾತು ಮನೆಯಲ್ಲಿ ಯಾರೂ ಮತ್ತೆ ಎತ್ತಿಲ್ಲ.

ಬೇಜಾರಾಗಿದ್ದು ಅವ್ವನಿಗೆ ಮಾತ್ರ. ಮೊದಲೆಲ್ಲ ಕಾಲುವೆ ತಿರುವಿನಲ್ಲಿ ಗಾಡಿ ಸದ್ದು ಕೇಳಿದ ಮೇಲೆ ಮುದ್ದೆಗೆ ಎಸರಿಡ್ತಿದ್ಲಂತೆ, ಅಪ್ಪ ಕೈಕಾಲು ತೊಳೆಯೋ ಹೊತ್ತಿಗೆ ಬಿಸಿ ಮುದ್ದೆ ರೆಡಿ. ಈಗ ಗಾಡಿ ಅಂಗಳಕ್ಕೆ ಬಂದು ನಿಂತ್ರೂ ಗೊತ್ತಾಗಲ್ಲ. ಅದಕ್ಕೇ ಅಪ್ಪ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೀತಾರೆ.

ನಿಮ್ಮೂರಲ್ಲೂ ಗಾಜು ಏರಿಸಿಕೊಂಡು ಹಳೇ ಗಾಡಿ ಓಡಿಸೋ ಅಪ್ಪ, ಮಾವ, ಚಿಕ್ಕಪ್ಪ ಇದ್ದೇ ಇರ್ತಾರೆ. ಈ ಸಲ ಊರಿಗೆ ಹೋದಾಗ ಒಂದು ಒದ್ದೆ ಗೋಣಿಚೀಲ ಹಿಡಿದು ಗಾಡಿ ಹಿಂದೆ ಕೂತು ನೋಡಿ. ಬುಸ್ ಅಂದ್ರೆ ನನಗೂ ಹೇಳಿ.