ಬಿಸಿಯಾದಾಗ ಮಾತ್ರ

ಹಳೇ ಕಾರೊಂದು ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡಿದ್ರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಡಾಕ್ಟರುಗಳೇ. ಅಪ್ಪನ ಪದ್ಮಿನಿ ಕೆಮ್ಮೋಕೆ ಶುರು ಮಾಡಿದ ಮೂರು ತಿಂಗಳಲ್ಲಿ ಮೂವರು ಮೆಕ್ಯಾನಿಕ್‌ಗಳು ನೋಡಿದ್ರು. ಮೊದಲನೆಯವರು ಕಾರ್ಬೊರೇಟರ್ ಅಂದ್ರು, ಬಿಚ್ಚಿ ತೊಳೆದ್ರು. ಎರಡನೆಯವರು ಪೆಟ್ರೋಲ್ ಪಂಪು ಅಂದ್ರು. ಮೂರನೆಯವರು ಬಾನೆಟ್ಟನ್ನೂ ಪೂರ್ತಿ ಎತ್ತದೆ, "ವಯಸ್ಸಾಯ್ತು ಸಾರ್, ಇಂಜಿನ್ ಬೋರ್ ಮಾಡಿಸ್ಬೇಕು, ಇಲ್ಲಾಂದ್ರೆ ಕೊಟ್ಬಿಡಿ" ಅಂದ್ರು. ಅಪ್ಪನಿಗೆ ಅದು ಸರಿ ಅನ್ನಿಸಿಬಿಟ್ಟಿತು. ಅವರ ಮಂಡಿನೋವಿಗೂ ಡಾಕ್ಟರು ಇದೇ ಮಾತು ಹೇಳಿ ಕಳಿಸಿದ್ದರು. ನಾನು ಬೆಂಗಳೂರಿಂದ ಬರೋ ಹೊತ್ತಿಗೆ ಗುಜರಿಯವನ ಹತ್ತಿರ ರೇಟೂ ಮಾತಾಡಿ ಆಗಿತ್ತು.

ಕಾರು ಹೋದ್ರೆ ಹೋಗಲಿ ಅನ್ನಬಹುದಿತ್ತು. ಆದರೆ ಚಿಂತಾಮಣಿಯಲ್ಲಿ ನಮ್ಮತ್ತೆ ಒಬ್ಬರೇ ಇದ್ದಾರೆ. ಹದಿನೈದು ದಿನಕ್ಕೊಂದು ಸಲ ಅಪ್ಪ ಶಿಡ್ಲಘಟ್ಟದ ಮೇಲೆ ಹಾದು ಅಕ್ಕನ ಮನೆಗೆ ಹೋಗಿ ಊಟ ಮಾಡಿ, ಜಗಳ ಆಡಿ ಬರ್ತಾರೆ. ಆ ಮಂಡಿ ಇಟ್ಟುಕೊಂಡು ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ. "ನಾನು ಕ್ಯಾಬ್ ಬುಕ್ ಮಾಡ್ತೀನಪ್ಪ" ಅಂದ್ರೆ "ನೋಡೋಣ" ಅಂತಾರೆ. ನಮ್ಮಪ್ಪನ ಭಾಷೆಯಲ್ಲಿ ನೋಡೋಣ ಅಂದ್ರೆ ಇಲ್ಲ ಅಂತ. ಮೇಲಾಗಿ ಆರ್‌ಸಿ ನವೀಕರಣ ಹತ್ತಿರ ಬಂದಿತ್ತು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆ ಪರೀಕ್ಷೆ ತಪ್ಪಿದ್ದಲ್ಲ. ಇಂಜಿನ್ ಹೀಗಿರೋವಾಗ ಅದಕ್ಕೆ ದುಡ್ಡು ಸುರಿಯೋದಾ ಬೇಡವಾ ಅನ್ನೋದು ಪ್ರಶ್ನೆ.

ನನ್ನ ಕೆಲಸ ಸಾಫ್ಟ್‌ವೇರು. ಹಾಗಾಗಿ ಮೊದಲು ಕೇಳಿದ್ದು, "ಯಾವಾಗ ಆಗತ್ತೆ?" ಅಪ್ಪ ಕೊಟ್ಟ ಉತ್ತರದಲ್ಲೇ ಅರ್ಧ ರಿಪೇರಿ ಇತ್ತು: ಬೆಳಿಗ್ಗೆ ಹೊರಟಾಗ ಬೆಣ್ಣೆ, ಶಿಡ್ಲಘಟ್ಟ ಬರೋ ಹೊತ್ತಿಗೆ ಗೊಗ್ಗರು. ಮೆಕ್ಯಾನಿಕ್‌ಗಳು ನೋಡಿದ್ದೆಲ್ಲ ಮಾರನೇ ದಿನ, ಇಂಜಿನ್ ತಣ್ಣಗಿದ್ದಾಗ. ನಮ್ಮ ಆಫೀಸಲ್ಲಿ "ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ" ಅಂತೀವಲ್ಲ, ಅದೇ ಕಥೆ. ಬೋರ್ ಸವೆದಿದ್ದರೆ, ರಿಂಗ್ ಹೋಗಿದ್ದರೆ ಬೆಳಿಗ್ಗೆಯೂ ಸವೆದೇ ಇರಬೇಕಲ್ವಾ? ಬಿಸಿಯಾದಾಗ ಮಾತ್ರ ಬರೋ ಕಾಯಿಲೆಗೆ ವಯಸ್ಸು ಅನ್ನೋದು ಉತ್ತರ ಅಲ್ಲ.

ಹಾಗಾಗಿ ಒಂದು ಶನಿವಾರ ಟೂಲ್‌ಬಾಕ್ಸನ್ನು ಡಿಕ್ಕಿಯಲ್ಲಿ ಹಾಕ್ಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಬಂದ್ವಿ. ಮನೆಗೆ ತಿರುಗಲಿಲ್ಲ, ಸೀದಾ ಕಳವಾರದ ಕಡೆ ಬಿಟ್ಟೆ. ಸ್ಕಂದಗಿರಿಯ ಬುಡದಲ್ಲಿ, ಪಾಪಾಗ್ನಿ ಮಠದ ಹತ್ತಿರ ಬರೋವಷ್ಟರಲ್ಲಿ ಸೈಲೆನ್ಸರ್ ಪಟಪಟ ಅಂತಿತ್ತು, ಇಂಜಿನ್ ಇಡೀ ಕಾರನ್ನೇ ಅಲ್ಲಾಡಿಸ್ತಿತ್ತು. ಇಷ್ಟು ಖುಷಿಯಿಂದ ಯಾರೂ ಯಾವತ್ತೂ ಮಿಸ್ಸಿಂಗ್ ಕೇಳಿರಲಿಕ್ಕಿಲ್ಲ. ಆಫ್ ಮಾಡದೆ ಮರದ ನೆರಳಲ್ಲಿ ನಿಲ್ಲಿಸಿದೆ.

ಈ ಇಗ್ನಿಷನ್ ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ್ದು, 1910ರ ಕ್ಯಾಡಿಲಾಕ್‌ನಲ್ಲಿ ಬಂತು. ಆಮೇಲೆ ಬಹುಪಾಲು ಕಾರುಗಳು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ನಂಬಿಕೊಂಡಿದ್ವು. ಬ್ಯಾಟರಿಯ 12 ವೋಲ್ಟ್ ಕಾಯಿಲ್‌ಗೆ ಹೋಗತ್ತೆ, ಕಾಯಿಲ್ ಒಳಗೆ ಕಾಂತಕ್ಷೇತ್ರ ತುಂಬಿಕೊಳ್ಳತ್ತೆ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟು ತೆರೆದ ತಕ್ಷಣ ಕರೆಂಟು ಕಟ್, ಆ ಕ್ಷೇತ್ರ ಕುಸಿದು ಸಾವಿರಾರು ವೋಲ್ಟಿನ ಕಿಡಿಯಾಗತ್ತೆ. ಪಾಯಿಂಟು ತೆರೆಯೋದು ಅರ್ಧ ಮಿಲಿಮೀಟರಿಗೂ ಕಮ್ಮಿ, ಹತ್ತಿರ ಹತ್ತಿರ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಇಂಜಿನ್ 3000 ಆರ್‌ಪಿಎಂ ಓಡ್ತಿದ್ರೆ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ 100 ಸಲ ಇದು ನಡೀಬೇಕು. ಪಾಯಿಂಟಿನ ಪಕ್ಕದಲ್ಲಿ ಹೆಬ್ಬೆರಳಿಗಿಂತ ಚಿಕ್ಕ ತಗಡಿನ ಡಬ್ಬಿ ಒಂದಿರತ್ತೆ, ಕಂಡೆನ್ಸರ್. ಅದರ ವಿಷಯಕ್ಕೆ ಬರ್ತೀನಿ.

ಮೊದಲು ಪ್ಲಗ್ಗಿನ ಕ್ಯಾಪುಗಳನ್ನ ರಬ್ಬರ್ ಹಿಡಿಯ ಇಕ್ಕಳದಲ್ಲಿ ಒಂದೊಂದಾಗಿ ಎಳೆದು ಮತ್ತೆ ಹಾಕಿದೆ. ಎಳೆದಾಗ ಇಂಜಿನ್ ಇನ್ನಷ್ಟು ಕುಗ್ಗಿದ್ರೆ ಆ ಸಿಲಿಂಡರ್ ದುಡೀತಿದೆ ಅಂತರ್ಥ. ಏನೂ ವ್ಯತ್ಯಾಸ ಆಗಲಿಲ್ಲ ಅಂದ್ರೆ ಸೋಮಾರಿ ಅದೇ, ಅದರ ಪ್ಲಗ್ಗು, ವೈರು, ವಾಲ್ವು ನೋಡಬೇಕು. ನಾಲ್ಕೂ ಒಂದೇ ಸಮ ಕುಗ್ಗಿದ್ವು. ಅಂದ್ರೆ ಯಾರೊಬ್ಬರೂ ಕಳ್ಳರಲ್ಲ, ನಾಲ್ವರಿಗೂ ಬಡಿಸೋ ಕಡೆಯೇ ತೊಂದರೆ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಮೂರು ತಿಂಗಳಲ್ಲಿ ಯಾರೂ ಮಾಡಿರಲಿಲ್ಲ ಅನ್ನೋದೇ ನನಗೆ ಸಿಟ್ಟು.

ಆಮೇಲೆ ಒದ್ದೆ ಬಟ್ಟೆ. ಪೆಟ್ರೋಲ್ ಪಂಪು ಕಾದು ಒಳಗೆ ಆವಿ ಕಟ್ಟಿದ್ರೆ ಒದ್ದೆ ಬಟ್ಟೆ ಸುತ್ತಿದಾಗ ಚೇತರಿಸಿಕೊಳ್ಳಬೇಕು. ಸುತ್ತಿದ್ವಿ, ಇಲ್ಲ. ಅದೇ ಬಟ್ಟೆಯನ್ನ ಮತ್ತೆ ನೆನೆಸಿ ಕಾಯಿಲ್‌ಗೆ ಸುತ್ತಿದ್ವಿ, ಯಾಕಂದ್ರೆ ಬಿಸಿಗೆ ಸುಸ್ತಾಗೋರಲ್ಲಿ ಕಾಯಿಲ್‌ದೂ ದೊಡ್ಡ ಹೆಸರು. ಹತ್ತು ನಿಮಿಷ ಕಾದರೂ ಅದೇ ಪಟಪಟ. ಇಬ್ಬರು ಆರೋಪಿಗಳು ಬಿಡುಗಡೆ, ಒಂದು ಬಾಟಲಿ ನೀರಿನ ಖರ್ಚಲ್ಲಿ.

ಅಷ್ಟರಲ್ಲಿ ಬೆಟ್ಟ ಇಳಿದು ಬಂದ ಟ್ರೆಕ್ಕಿಂಗ್ ಹುಡುಗರು ಸುತ್ತ ಸೇರಿದ್ರು. 1450 ಮೀಟರ್ ಎತ್ತರದಲ್ಲಿ ಮೋಡದ ಜೊತೆ ಸೆಲ್ಫಿ ತೆಗೆದು ಬಂದೋರಿಗೆ ಕೆಳಗೆ ಹೊಗೆಯ ಜೊತೆ ಬಿಳಿ ಪದ್ಮಿನಿ ಸಿಕ್ಕಿತ್ತು. ಒಬ್ಬ ನಿಜವಾದ ಕಾಳಜಿಯಿಂದ "ಸ್ಕ್ಯಾನರ್ ಪೋರ್ಟ್ ಎಲ್ಲಿದೆ ಬ್ರೋ?" ಅಂದ. ಅಪ್ಪ ನನ್ನ ಕಡೆ ತೋರಿಸಿ, "ಇವನೇ" ಅಂದ್ರು.

ಅವರಿಗೆ ಅಪ್ಪ ಆಮೇಲೆ ಹೇಳಿದ ಕಥೆ ಇಲ್ಲಿ ಹೇಳಲೇಬೇಕು, ಯಾಕಂದ್ರೆ ನಿಂತಿದ್ದ ಜಾಗದಿಂದ ಮುದ್ದೇನಹಳ್ಳಿ ಕೆಲವೇ ಕಿಲೋಮೀಟರು. ಆ ಊರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಅಣೆಕಟ್ಟು ಕಟ್ಟಿದ್ದು ಎಲ್ಲರಿಗೂ ಗೊತ್ತು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಯುರೋಪು ಅಮೆರಿಕ ಸುತ್ತಿ ಬಂದು ಭಾರತಕ್ಕೊಂದು ಕಾರು ಕಾರ್ಖಾನೆಯ ಯೋಜನೆ ಹಾಕಿದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವರ ಜೊತೆ ಆ ಯೋಜನೆಗೆ ಬೆನ್ನು ಬಿದ್ದವರು ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ರು, ಅದೇ ಮುಂದೆ ಎಚ್‌ಎಎಲ್ ಆಯ್ತು. 1944ರಲ್ಲಿ ಬೊಂಬಾಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ರು. ಅಲ್ಲಿ ತಯಾರಾದ ಫಿಯೆಟ್ 1100 ಮುಂದೆ ಪದ್ಮಿನಿ ಆಯ್ತು. ಅಪ್ಪನ ಪ್ರಕಾರ ಅವರ ಕಾರು ಒಂದು ಲೆಕ್ಕದಲ್ಲಿ ಈ ತಾಲ್ಲೂಕಿನದ್ದೇ.

ಸರಿ, ಕಿಡಿ. ಇಂಜಿನ್ ನಿಲ್ಲಿಸಿ, ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗೋ ದಪ್ಪ ವೈರನ್ನ ಕಿತ್ತು, ಅದರ ತುದಿಯನ್ನ ಇಂಜಿನ್ ಬ್ಲಾಕಿನಿಂದ ಅರ್ಧ ಸೆಂಟಿಮೀಟರ್ ದೂರ ಇಕ್ಕಳದಲ್ಲಿ ಹಿಡಿದೆ. ಟವೆಲ್ ಮರೆ ಮಾಡಿ ಅಪ್ಪನಿಗೆ ಸೆಲ್ಫ್ ಹೊಡೆಯೋಕೆ ಹೇಳಿದೆ. ಆರೋಗ್ಯವಂತ ಕಿಡಿ ನೀಲಿಯಾಗಿ, ದಪ್ಪಗೆ, ಟಕ್ ಟಕ್ ಅಂತ ಸದ್ದು ಮಾಡತ್ತೆ. ಇದು ಹಳದಿ, ತೆಳ್ಳಗೆ, ಬಂದ್ರೆ ಬಂತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಇಗ್ನಿಷನ್ ಆನ್ ಇಟ್ಟು, ಸ್ಕ್ರೂಡ್ರೈವರ್‌ನಲ್ಲಿ ಪಾಯಿಂಟು ತೆರೆದು ನೋಡಿದೆ. ಬ್ಲಾಕಿನ ಹತ್ತಿರ ಕಾಣಬೇಕಿದ್ದ ಬೆಳಕೆಲ್ಲ ಅಲ್ಲಿತ್ತು. ಪಾಯಿಂಟಿನ ಬಾಯಲ್ಲೇ ಚಟ್ ಅಂತ ದೊಡ್ಡ ಕಿಡಿ.

ಅದನ್ನ ತಡೆಯೋದೇ ಕಂಡೆನ್ಸರ್ ಕೆಲಸ. ಜೋರಾಗಿ ಹರಿಯೋ ನಲ್ಲಿಯನ್ನ ತಟ್ಟನೆ ನಿಲ್ಲಿಸಿದ್ರೆ ಪೈಪು ಗುಡುಗತ್ತಲ್ಲ, ಹಾಗೆ ಪಾಯಿಂಟು ತೆರೆದಾಗ ಕರೆಂಟು ನಿಲ್ಲೋಕೆ ಒಪ್ಪದೆ ಆ ಸಂದಿಯನ್ನೇ ಹಾರೋಕೆ ನೋಡತ್ತೆ. ಕಂಡೆನ್ಸರ್ ಆ ಕ್ಷಣ ಅದನ್ನ ತನ್ನೊಳಗೆ ಎಳ್ಕೊಂಡ್ರೆ ಕಾಯಿಲ್‌ನ ಕ್ಷೇತ್ರ ಚಕ್ಕಂತ ಕುಸಿಯತ್ತೆ, ಪ್ಲಗ್ಗಿಗೆ ಪೂರ್ತಿ ಶಕ್ತಿ ಹೋಗತ್ತೆ. ಎಳ್ಕೊಳ್ಳಲಿಲ್ಲ ಅಂದ್ರೆ ಶಕ್ತಿಯೆಲ್ಲ ಪಾಯಿಂಟಲ್ಲೇ ಸುಟ್ಟು ಹೋಗತ್ತೆ. ಒಳಗೆ ಸುರುಳಿ ಸುತ್ತಿದ ಹಾಳೆಗಳ ಜೋಡಣೆ ಸಡಿಲ ಇದ್ರೆ ತಣ್ಣಗಿದ್ದಾಗ ಹಿಡ್ಕೊಂಡಿರತ್ತೆ, ಕಾದಾಗ ಬಿಡತ್ತೆ.

ಯಾರೂ ಅದನ್ನ ಅನುಮಾನಿಸದೇ ಇದ್ದದ್ದಕ್ಕೆ ಕಾರಣ ಸರಳ: ಅದು ಹೊಸದು. ನಾಲ್ಕು ತಿಂಗಳ ಹಿಂದೆ ಸರ್ವೀಸಿಗೆ ಬಿಟ್ಟಾಗ ಪಾಯಿಂಟಿನ ಜೊತೆ ಅದನ್ನೂ ಬದಲಾಯಿಸಿದ್ರು, "ಯಾವುದಕ್ಕೂ ಇರಲಿ" ಅಂತ. ಹಳೇ ಕಾರಲ್ಲಿರೋ ಹೊಸ ಪಾರ್ಟನ್ನ ನಾನಂತೂ ಮೊದಲು ನೋಡ್ತೀನಿ. ಈಗ ಮಾರ್ಕೆಟ್‌ನಲ್ಲಿ ಸಿಗೋ ಪಾಯಿಂಟು, ಕಂಡೆನ್ಸರ್‌ಗಳಲ್ಲಿ ಒಳ್ಳೇದು ಯಾವುದು, ತಗಡು ಯಾವುದು ಅಂತ ಮೇಲೆ ಬರೆದಿರಲ್ಲ.

"ಹಳೇದು ಎಲ್ಲಪ್ಪ?" ಅಂದೆ. ಅಪ್ಪ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಕೈಯಾಡಿಸಿ ಕ್ಯಾಮೆರಾ ರೋಲಿನ ಕರಿ ಡಬ್ಬಿ ತೆಗೆದ್ರು. ಒಳಗೆ ಮೂರು ಫ್ಯೂಸು, ಒಂದು ಒಂದು ರೂಪಾಯಿ ನಾಣ್ಯ, ಆ ಹಳೇ ಕಂಡೆನ್ಸರ್. ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯ ಯಾವುದನ್ನೂ ಎಸೆಯಲ್ಲ, ದೇವರ ದಯೆ. ಒಂದು ಸ್ಕ್ರೂ, ಒಂದು ವೈರು, ಐದು ನಿಮಿಷ. ಇಂಜಿನ್ ಇನ್ನೂ ಮುಟ್ಟೋಕಾಗದಷ್ಟು ಬಿಸಿ ಇತ್ತು. ಕಿಡಿ ನೀಲಿ ಬಂತು. ಸ್ಟಾರ್ಟ್ ಮಾಡಿದಾಗ ಪಟಪಟ ಇರಲಿಲ್ಲ.

ಅಪ್ಪ ಏನೂ ಅನ್ನಲಿಲ್ಲ. ಬಾನೆಟ್ ಮುಚ್ಚೋ ಮುಂಚೆ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಿದ್ರು, ಆಮೇಲೆ ಡ್ರೈವರ್ ಸೀಟಿನ ಕಡೆ ಹೋಗಿ ನನಗೆ ಪಕ್ಕಕ್ಕೆ ಕೂರು ಅಂತ ಸನ್ನೆ ಮಾಡಿದ್ರು.

ಸುಟ್ಟಿದ್ದ ಪಾಯಿಂಟನ್ನ ಮಾರನೇ ದಿನ ಮನೆಯಲ್ಲಿ ಉಜ್ಜಿ ಗ್ಯಾಪ್ ಸರಿ ಮಾಡಿದೆ. ಆರ್‌ಸಿಗೆ ಅರ್ಜಿ ಹಾಕಿದ್ದಾಯ್ತು. ಗುಜರಿಯವನು ಎರಡು ಸಲ ಫೋನ್ ಮಾಡಿದ್ದಾನೆ. ಅಪ್ಪ ಅವನಿಗೆ "ನೋಡೋಣ" ಅಂದಿದ್ದಾರೆ.