ಎಷ್ಟು ದಿನ?

ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತಿರುವ ಪುಟ್ಟ ಗ್ರಂಥಿಯ ಹೆಸರು ಅಡ್ರಿನಲ್. ಅದರ ಹೊರಪದರದಲ್ಲಿ ಹುಟ್ಟುವ ಕ್ಯಾನ್ಸರ್ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ನನ್ನ ಪಿಎಚ್‌ಡಿ ಇದರ ಮೇಲೆ. "ಅಷ್ಟು ಅಪರೂಪದ್ದಕ್ಕೆ ಇಷ್ಟು ವರ್ಷ ಯಾಕಮ್ಮ?" ಎಂದು ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ನಾನು ರೋಗಿಗಳನ್ನು ನೋಡುವವಳಲ್ಲ. ಯಾವ ಜೀನು ಕೆಟ್ಟಿದೆ, ಅದು ಕೆಟ್ಟವರು ಎಷ್ಟು ಕಾಲ ಬದುಕಿದರು ಎಂದು ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕುವವಳು.

ಲೆಕ್ಕಕ್ಕೆ ಸಿಗುವವರೇ ಕಡಿಮೆ. ಕ್ಯಾನ್ಸರ್ ಜಿನೋಮ್ ಅಟ್ಲಾಸ್ ಯೋಜನೆ 2016ರಲ್ಲಿ ಈ ರೋಗದ ಬಗ್ಗೆ ಪ್ರಕಟಿಸಿದ ಅಧ್ಯಯನಕ್ಕೆ ನಾಲ್ಕು ಖಂಡಗಳಿಂದ ಒಟ್ಟಾದದ್ದು 91 ಗಡ್ಡೆಗಳು. ಆ ಮಾಹಿತಿಯನ್ನು ಇಂದು ಯಾರು ಬೇಕಾದರೂ ನೋಡಬಹುದು. ಹೆಸರುಗಳಿಲ್ಲ. ಒಬ್ಬರಿಗೆ ಒಂದು ಸಾಲು: ವಯಸ್ಸು, ರೋಗದ ಹಂತ, ದಿನಗಳ ಎಣಿಕೆ, ಇದ್ದಾರೆ ಅಥವಾ ಇಲ್ಲ.

ಆ ಸಾಲುಗಳನ್ನು ಗೆರೆಯಾಗಿಸುವ ವಿಧಾನವನ್ನು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್ 1958ರಲ್ಲಿ ಕೊಟ್ಟರು. ಗೆರೆ ನೂರರಲ್ಲಿ ಶುರುವಾಗುತ್ತದೆ. ಒಬ್ಬರು ತೀರಿಕೊಂಡಾಗ ಒಂದು ಮೆಟ್ಟಿಲು ಇಳಿಯುತ್ತದೆ. ಸಾವಿರಾರು ರೋಗಿಗಳಿದ್ದರೆ ಅದು ನುಣ್ಣನೆಯ ಇಳಿಜಾರು. 91 ಜನರಿದ್ದರೆ ಒಂದೊಂದು ಮೆಟ್ಟಿಲೂ ಕಣ್ಣಿಗೆ ಹೊಡೆಯುತ್ತದೆ. ನಡುನಡುವೆ ಸಣ್ಣ ಗೀಟುಗಳಿರುತ್ತವೆ. ಅವರು ಕೊನೆಯ ಸಲ ಕಂಡಾಗ ಬದುಕಿದ್ದವರು. ಸಂಖ್ಯಾಶಾಸ್ತ್ರ ಅವರನ್ನು ಸೆನ್ಸರ್ ಆದವರು ಎನ್ನುತ್ತದೆ. ಸಿನಿಮಾದ ಕತ್ತರಿಗೂ ಇದಕ್ಕೂ ಸಂಬಂಧವಿಲ್ಲ. ಅವರ ಕತೆ ಇನ್ನೂ ಮುಗಿದಿಲ್ಲ ಎಂದಷ್ಟೇ ಅರ್ಥ.

ಕಳೆದ ವರ್ಷ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳ ಚಿಕ್ಕಪ್ಪನಿಗೆ ಇದೇ ಕಾಯಿಲೆ. ಗಡ್ಡೆಯ ರಿಪೋರ್ಟಿನಲ್ಲಿ ಟಿಪಿ53 ಜೀನು ಕೆಟ್ಟಿದೆ ಎಂದಿತ್ತು. "ನಿನ್ನ ಗೆರೆ ಏನು ಹೇಳತ್ತೆ? ಎಷ್ಟು ದಿನ?" ಎಂದಳು.

ಟಿಪಿ53 ಕಾವಲುಗಾರ ಜೀನು. ಡಿಎನ್‌ಎಗೆ ಪೆಟ್ಟಾದಾಗ ಜೀವಕೋಶ ಒಡೆದು ಇಮ್ಮಡಿಯಾಗುವುದನ್ನು ತಡೆಯುವುದು ಅದರ ಕೆಲಸ. ಈ ಕ್ಯಾನ್ಸರಿನ ಸುಮಾರು ಐದು ಗಡ್ಡೆಗಳಲ್ಲಿ ಒಂದರಲ್ಲಿ ಅದು ಕೆಟ್ಟಿರುತ್ತದೆ. ಅಂಥವರ ಗೆರೆ ಬೇಗ ಇಳಿಯುವುದುಂಟು. ಆದರೆ ಗೆರೆ ಹೇಳುವುದು ಗುಂಪಿನ ಮಾತು, ಚಿಕ್ಕಪ್ಪನ ಮಾತಲ್ಲ. ರೋಗ ಯಾವ ಹಂತದಲ್ಲಿದೆ, ಗಡ್ಡೆ ಪೂರ್ತಿ ಹೊರಬಂತೇ, ಕೋಶಗಳು ಎಷ್ಟು ಚುರುಕಾಗಿ ಒಡೆಯುತ್ತಿವೆ ಎಂಬುದು ಒಂದು ಜೀನಿಗಿಂತ ಹೆಚ್ಚು ಹೇಳುತ್ತದೆ. ಇಷ್ಟನ್ನೂ ಅವಳಿಗೆ ಹೇಳಿದೆ.

"ಹಾಗಾದ್ರೆ ಹಣೆಬರಹ ಅಲ್ಲ ಅಂತೀಯ?"

ನನಗೆ ನೆನಪಾದದ್ದು ದಕ್ಷಿಣ ಬ್ರೆಜಿಲ್. ಅಲ್ಲಿ ಟಿಪಿ53ರ ಒಂದು ದೋಷ ತಲೆಮಾರುಗಳಿಂದ ಹರಿದುಬಂದಿದೆ: ಪ್ರೋಟೀನಿನ 337ನೆಯ ಜಾಗದಲ್ಲಿ ಆರ್ಜಿನಿನ್ ಬದಲು ಹಿಸ್ಟಿಡಿನ್. ಮಕ್ಕಳಲ್ಲಿ ಅಡ್ರಿನಲ್ ಗಡ್ಡೆ ಬೇರೆಡೆಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಪರಾನಾ ರಾಜ್ಯದಲ್ಲಿ 1,71,649 ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ 461 ಮಕ್ಕಳಲ್ಲಿ ಈ ದೋಷ ಸಿಕ್ಕಿತು. ಆದರೆ ಅವರಲ್ಲಿ ಹೆಚ್ಚಿನವರಿಗೆ ಗಡ್ಡೆ ಬರಲಿಲ್ಲ. ನಿಯಮಿತವಾಗಿ ತಪಾಸಣೆ ನಡೆದ ಮಕ್ಕಳಲ್ಲಿ ಬಂದಾಗಲೂ ಚಿಕ್ಕದಿರುವಾಗಲೇ ಸಿಕ್ಕಿತು, ಪೂರ್ತಿ ತೆಗೆಯಲು ಬಂತು. ಹಣೆಬರಹವನ್ನು ಮೊದಲೇ ಓದಿದರೆ ತಿದ್ದಲು ಜಾಗ ಉಳಿಯುತ್ತದೆ.

ಹಾಗಾಗಿ ಗೆಳತಿಗೆ ದಿನಗಳ ಲೆಕ್ಕ ಕೊಡಲಿಲ್ಲ, ಒಂದು ಪ್ರಶ್ನೆ ಕೊಟ್ಟೆ. ಈ ದೋಷ ಗಡ್ಡೆಯಲ್ಲಿ ಮಾತ್ರ ಇದೆಯೋ, ರಕ್ತದಲ್ಲೂ ಇದೆಯೋ ಎಂದು ವೈದ್ಯರನ್ನು ಕೇಳು. ರಕ್ತದಲ್ಲಿದ್ದರೆ ಅದು ಹುಟ್ಟಿನಿಂದ ಬಂದದ್ದು; ಮಕ್ಕಳಿಗೂ ದಾಟಿರಬಹುದು. ಚಿಕ್ಕಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು.

ಮರುವಾರ ಅವಳ ಮೆಸೇಜ್ ಬಂತು. ಚಿಕ್ಕಪ್ಪ ರಕ್ತ ಕೊಟ್ಟು ಬಂದರಂತೆ. ತಮಗೆ ಎಷ್ಟು ದಿನ ಎಂದು ಕೇಳಲೇ ಇಲ್ಲವಂತೆ. ಮಕ್ಕಳದ್ದು ಯಾವಾಗ ನೋಡುತ್ತೀರಿ ಎಂದು ಎರಡು ಸಲ ಕೇಳಿದರಂತೆ.